ಮುಚ್ಚಿಟ್ಟ ಮಾತನ್ನು ಮನೆಯವರಿಗೆ ಹೇಳುವುದು ಹೇಗೆ?

ಮನೆಯವರಿಗೆ ಗೊತ್ತಿಲ್ಲದ ಒಂದು ಸಾಲ. ಹೋಗಿ ತಿಂಗಳಾದರೂ ಬಾಯಿಬಿಡದ ಕೆಲಸದ ವಿಷಯ. ಯಾರಿಗೂ ತೋರಿಸದ ವೈದ್ಯರ ರಿಪೋರ್ಟ್. ಫೇಲಾದ ಪರೀಕ್ಷೆ. ಇಂಥದ್ದೊಂದು ಹೊಟ್ಟೆಯೊಳಗೆ ಕೂತಿದ್ದರೆ ಈ ಲೇಖನ ನಿಮಗೆ. "ಹೇಳಿಬಿಡಿ, ಎಲ್ಲ ಸರಿಹೋಗುತ್ತದೆ" ಎಂದು ನಾನು ಹೇಳುವುದಿಲ್ಲ. ಹೇಳಿದ ಮೇಲೆ ಕೆಲವು ದಿನ ಮನೆ ಚೆನ್ನಾಗಿರುವುದಿಲ್ಲ. ಆದರೆ ಹೇಗೆ ಹೇಳಿದರೆ ಪೆಟ್ಟು ಕಡಿಮೆಯಾಗುತ್ತದೆ, ಯಾವುದನ್ನು ಹೇಳಬೇಕಾಗಿಯೇ ಇಲ್ಲ, ಯಾರಿಗೆ ಹೇಳಬಾರದು ಎನ್ನುವುದಕ್ಕೆ ದಾರಿಗಳಿವೆ.

ನಾನೇ ಒಮ್ಮೆ ಕೆಲಸ ಕಳೆದುಕೊಂಡದ್ದನ್ನು ಏಳು ವಾರ ಮನೆಯಲ್ಲಿ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಬ್ಯಾಗ್ ಹಿಡಿದು ಹೊರಡುತ್ತಿದ್ದೆ. ಲೈಬ್ರರಿಯಲ್ಲಿ ಕೂತು ಸಂಜೆ ವಾಪಸ್ ಬರುತ್ತಿದ್ದೆ. ಗೊತ್ತಾದ ದಿನ ನನ್ನ ಹೆಂಡತಿ ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ದಿನಾ ಸಂಜೆ ಬಂದು ಆಫೀಸಿನ ಕಥೆ ಹೇಳ್ತಿದ್ರಲ್ಲ, ಅದನ್ನೆಲ್ಲ ಎಲ್ಲಿಂದ ತಂದ್ರಿ?" ಎಂದಷ್ಟೇ ಕೇಳಿದಳು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಕೆಲಸ ಹೋದದ್ದನ್ನು ಅವಳು ಆ ವಾರವೇ ಮರೆತಳು. ಕಥೆಗಳನ್ನು ಮರೆಯಲು ವರ್ಷ ಬೇಕಾಯಿತು.

2006ರಲ್ಲಿ ಮಾರಿಸ್ ಶ್ವೈಟ್ಜರ್ ಮತ್ತು ಜೊತೆಗಾರರು ಮಾಡಿದ ಒಂದು ಪ್ರಯೋಗ ಇದೇ ಮಾತನ್ನು ಬೇರೆ ಥರ ತೋರಿಸಿತು. ದುಡ್ಡಿನ ಆಟ. ಒಬ್ಬರು ನಂಬಿ ಹಣ ಕೊಡಬೇಕು, ಇನ್ನೊಬ್ಬರು ಅದರಲ್ಲಿ ಪಾಲು ವಾಪಸ್ ಕೊಡಬೇಕು. ಕೊಡದೆ ಮೋಸ ಮಾಡಿದವನು ಆಮೇಲೆ ಸತತವಾಗಿ ಸರಿಯಾಗಿ ನಡೆದುಕೊಂಡರೆ ನಂಬಿಕೆ ಮರಳಿ ಬಂತು. ಮೋಸದ ಜೊತೆಗೆ ಸುಳ್ಳನ್ನೂ ಹೇಳಿದ್ದರೆ? ಮಾತು ಕೊಟ್ಟರೂ, ಕ್ಷಮೆ ಕೇಳಿದರೂ, ಎಷ್ಟೇ ಸರಿಯಾಗಿ ನಡೆದರೂ ನಂಬಿಕೆ ಮೊದಲಿನಷ್ಟು ಬರಲಿಲ್ಲ. ಅದು ಆಟ, ಅದೂ ಮನೆಯವರಲ್ಲದವರ ನಡುವೆ. ಮನೆಯಲ್ಲಿ ಪಣಕ್ಕಿರುವುದು ಎಷ್ಟೋ ಜಾಸ್ತಿ, ಅಲ್ವಾ?

ಪೆಟ್ಟು ಬೀಳುವುದು ಎಲ್ಲಿ?

ಗುಟ್ಟು ಬಯಲಾದ ದಿನವೇ ಹಾನಿ ಶುರುವಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಶುರುವಾಗಿ ಬಹಳ ದಿನ ಆಗಿರುತ್ತದೆ.

ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕಲ್ ಸ್ಲೆಪಿಯನ್ ಗುಟ್ಟುಗಳ ಬಗ್ಗೆಯೇ ವರ್ಷಗಟ್ಟಲೆ ಸಂಶೋಧನೆ ಮಾಡಿದವರು. 2017ರಲ್ಲಿ ಅವರ ತಂಡ ಕಂಡಿದ್ದು ಹೀಗೆ: ಸರಾಸರಿ ಒಬ್ಬ ಮನುಷ್ಯನ ಬಳಿ 13 ಗುಟ್ಟುಗಳಿರುತ್ತವೆ. ಅವುಗಳಲ್ಲಿ 5 ಯಾರಿಗೂ, ಯಾವತ್ತೂ ಹೇಳದಂಥವು. ಇನ್ನೊಬ್ಬರ ಎದುರು ಮುಚ್ಚಿಡಬೇಕಾದ ಗಳಿಗೆಗಳು ಕಡಿಮೆಯೇ. ಒಬ್ಬನೇ ಇದ್ದಾಗ ಮನಸ್ಸು ಪದೇ ಪದೇ ಅಲ್ಲಿಗೆ ಹೋಗುತ್ತದಲ್ಲ, ಸೊರಗಿಸುವುದು ಅದು. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಎನ್ನುವುದು ಸುಮ್ನೆ ಅಲ್ಲ.

ಮನೆಯವರಿಗೆ ಈ ಒಳಗಿನ ಗಲಾಟೆ ಕಾಣುವುದಿಲ್ಲ. ಅವರಿಗೆ ಕಾಣುವುದು ಸಿಡುಕು, ಮೌನ, ಫೋನ್ ಬೋರಲು ಹಾಕಿ ಇಡುವ ಅಭ್ಯಾಸ, ದುಡ್ಡಿನ ಮಾತು ಬಂದ ಕೂಡಲೇ ಎದ್ದು ಹೋಗುವ ನೀವು. "ನನ್ನ ಮೇಲೆ ಪ್ರೀತಿ ಕಡಿಮೆಯಾಗಿದೆ" ಎಂದು ಅವರು ಲೆಕ್ಕ ಹಾಕುತ್ತಾರೆ. ತಪ್ಪು ಲೆಕ್ಕವೇ ಇರಬಹುದು, ಆದರೆ ಸರಿಯಾದದ್ದನ್ನು ನೀವು ಕೊಟ್ಟಿಲ್ಲ.

ಇನ್ನೊಂದು ಹಾನಿ, ಮನೆಯಲ್ಲಿ ಗೊತ್ತಿರುವವರು ಮತ್ತು ಗೊತ್ತಿಲ್ಲದವರು ಎಂಬ ಎರಡು ಪಕ್ಷಗಳು ಹುಟ್ಟುವುದು. ಅಕ್ಕನಿಗೆ ಗೊತ್ತು, ಅಮ್ಮನಿಗೆ ಗೊತ್ತಿಲ್ಲ. ಅಮ್ಮ ಒಳಗೆ ಬಂದ ಕೂಡಲೇ ಮಾತು ನಿಲ್ಲುತ್ತದೆ. ಆ ಅರ್ಧಕ್ಕೆ ನಿಂತ ಮಾತನ್ನು ಗಮನಿಸದಷ್ಟು ದಡ್ಡರು ಯಾರ ಮನೆಯಲ್ಲೂ ಇರುವುದಿಲ್ಲ.

ಕೊನೆಗೆ ಸುಳ್ಳೇ ಸಲೀಸಾಗಿಬಿಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದರು. ಸ್ವಂತ ಲಾಭಕ್ಕೆ ಸುಳ್ಳು ಹೇಳುತ್ತಾ ಹೋದಂತೆ, ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಪ್ರತಿಕ್ರಿಯೆ ಕುಗ್ಗುತ್ತಿತ್ತು, ಸುಳ್ಳಿನ ಗಾತ್ರ ಬೆಳೆಯುತ್ತಿತ್ತು. ನನ್ನ ಆಫೀಸಿನ ಕಥೆಗಳೂ ಹಾಗೇ. ಮೊದಲ ವಾರ "ಪರವಾಗಿಲ್ಲ, ಜಾಸ್ತಿ ಕೆಲಸ ಇತ್ತು" ಎನ್ನುವಷ್ಟೇ. ಐದನೇ ವಾರಕ್ಕೆ ಇಲ್ಲದ ಸಹೋದ್ಯೋಗಿಯೊಬ್ಬನಿಗೆ ಬಡ್ತಿ ಕೊಡಿಸಿದ್ದೆ.

ಈಗ ದಾರಿಗೆ ಬರೋಣ.

1. ಇದು ಗುಟ್ಟೋ, ನಿಮ್ಮ ಖಾಸಗಿ ವಿಷಯವೋ?

ಎಲ್ಲವನ್ನೂ ಎಲ್ಲರಿಗೂ ಹೇಳಬೇಕಿಲ್ಲ. ಡೈರಿ, ಗೆಳೆಯರ ಜೊತೆಗಿನ ಮಾತು, ಎಂದೋ ಮುಗಿದ ಒಂದು ಪ್ರೀತಿ, ಇವು ನಿಮ್ಮವು. ಒಂದು ಪ್ರಶ್ನೆ ಕೇಳಿಕೊಳ್ಳಿ: "ಇದು ಗೊತ್ತಿದ್ದಿದ್ದರೆ ಅವರು ಯಾವುದಾದರೂ ನಿರ್ಧಾರವನ್ನು ಬೇರೆ ಥರ ಮಾಡುತ್ತಿದ್ದರಾ?" ಹೌದು ಎಂದಾದರೆ ಅದು ನಿಮ್ಮೊಬ್ಬರದ್ದಲ್ಲ. ಮನೆಯ ದುಡ್ಡು ಕರಗಿಸುವ ಸಾಲ, ಇನ್ನೊಬ್ಬರಿಗೆ ತಗುಲಬಹುದಾದ ಕಾಯಿಲೆ, ಈಗಲೂ ನಡೆಯುತ್ತಿರುವ ಇನ್ನೊಂದು ಸಂಬಂಧ, ಮಗುವಿನ ಹುಟ್ಟಿನ ವಿಷಯ, ಇವೆಲ್ಲ ಈ ಕಡೆಯವು.

ಪ್ರಶ್ನೆಗೆ ಉತ್ತರ ಅನುಮಾನವಾದರೆ ದೇಹವನ್ನು ನಂಬಿ. ಆ ವಿಷಯ ಬೇರೆ ಯಾರದೋ ಬಾಯಿಂದ ಅವರಿಗೆ ತಿಳಿಯಿತು ಎಂದು ಊಹಿಸಿಕೊಳ್ಳಿ. ಬರೀ ಮುಜುಗರವಾದರೆ ಖಾಸಗಿ. ಎದೆ ಧಸಕ್ಕೆಂದರೆ ಗುಟ್ಟು.

2. ಗುಟ್ಟು ಯಾರದು?

ತಂಗಿ ತನ್ನ ವಿಷಯ ನಿಮ್ಮ ಹತ್ತಿರ ಹೇಳಿಕೊಂಡಿದ್ದಾಳೆ. ಅದನ್ನು ನೀವೇ ಹೋಗಿ ಅಪ್ಪನಿಗೆ ಹೇಳಿದರೆ ಒಂದು ಗುಟ್ಟು ಹೋಗಿ ಇನ್ನೊಂದು ದ್ರೋಹ ಬರುತ್ತದೆ. ಹಾಗಂತ ಹೊತ್ತುಕೊಂಡೇ ತಿರುಗಬೇಕಿಲ್ಲ. "ನೋಡು ಪುಟ್ಟಿ, ಇದನ್ನು ಅಪ್ಪನಿಂದ ಮುಚ್ಚಿಡೋಕೆ ನನ್ನಿಂದ ಆಗಲ್ಲ. ಅವರು ನೇರವಾಗಿ ಕೇಳಿದರೆ ನಾನು ಸುಳ್ಳು ಹೇಳಲ್ಲ. ಈ ತಿಂಗಳೊಳಗೆ ನೀನೇ ಹೇಳು, ಬೇಕಿದ್ದರೆ ಪಕ್ಕದಲ್ಲಿ ಕೂರ್ತೀನಿ" ಎನ್ನಿ. ಗಡುವು ಕೊಡಿ, ಜೊತೆಯನ್ನೂ ಕೊಡಿ. ಇನ್ನು ಮುಂದೆ ಯಾರಾದರೂ "ಯಾರಿಗೂ ಹೇಳಲ್ಲ ಅಂತ ಮೊದಲು ಮಾತು ಕೊಡು" ಎಂದು ಶುರು ಮಾಡಿದರೆ, ಕೇಳಿಸಿಕೊಳ್ಳುವ ಮುಂಚೆ ಮಾತು ಕೊಡಬೇಡಿ.

3. ಹೇಳುವುದು ಅಪಾಯವಾ?

ಸತ್ಯ ಹೇಳಿದರೆ ಎದುರಿನವರು ಕೈ ಎತ್ತಬಹುದು, ಮನೆಯಿಂದ ಹೊರಗೆ ಹಾಕಬಹುದು ಎನ್ನುವ ಪರಿಸ್ಥಿತಿ ನಿಮ್ಮದಾದರೆ ಮುಂದಿನ ಹಂತಗಳನ್ನು ಈಗ ಬಿಡಿ. ಮೊದಲು ಸುರಕ್ಷಿತ ಜಾಗ, ನಂಬುವ ಒಬ್ಬರು, ಕೈಯಲ್ಲಿ ನಿಮ್ಮ ಕಾಗದಪತ್ರಗಳು. ಹೊಡೆಯುವವರ ಹತ್ತಿರ ಮುಚ್ಚಿಡುವುದು ಸುಳ್ಳಲ್ಲ, ಜೀವ ಉಳಿಸಿಕೊಳ್ಳುವ ಉಪಾಯ. ಮನೆಯಲ್ಲಿ ಯಾರಾದರೂ ಮಗುವಿಗೋ ನಿಮಗೋ ಹಿಂಸೆ ಕೊಡುತ್ತಿದ್ದರೆ ಆ ಗುಟ್ಟು ಹೊರಬರಲೇಬೇಕು. ಆದರೆ ಅದನ್ನು ಹೇಳಬೇಕಾದದ್ದು ಹಿಂಸೆ ಕೊಡುವವರ ಮುಂದೆ ಅಲ್ಲ, ಕಾಪಾಡಬಲ್ಲವರ ಮುಂದೆ.

4. ಪೂರ್ತಿ ಬರೆಯಿರಿ, ಪೂರ್ತಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ನಡೆದದ್ದು, ಬಲಗಡೆ ಅದನ್ನು ಮುಚ್ಚಲು ಹೇಳಿದ ಸುಳ್ಳುಗಳು. ಬಲಗಡೆಯದ್ದೇ ಉದ್ದವಾಗುತ್ತದೆ, ಬೆಚ್ಚಬೇಡಿ. ಎಷ್ಟು ಸಾಲ, ಯಾರ ಹತ್ತಿರ, ಯಾವಾಗಿನಿಂದ, ಬಡ್ಡಿ ಎಷ್ಟು, ಇನ್ಯಾರಿಗೆ ಗೊತ್ತು. ಕೊನೆಯ ಈ ಪ್ರಶ್ನೆಯನ್ನು ಎಲ್ಲರೂ ಹಾರಿಸುತ್ತಾರೆ. ಆದರೆ "ನನಗಿಂತ ಮುಂಚೆ ಅವರಿಗೆ ಗೊತ್ತಿತ್ತಾ?" ಎನ್ನುವುದೇ ಜಾಸ್ತಿ ಚುಚ್ಚುವ ಪ್ರಶ್ನೆ.

ಬರೆಯುವುದರಿಂದ ಇನ್ನೊಂದು ಲಾಭವಿದೆ. ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ 4 ದಿನ ತಮ್ಮ ನೋವಿನ ಘಟನೆಗಳನ್ನು ಬರೆದರು. ಬರೆಯುವಾಗ ಮನಸ್ಸು ಕೆಟ್ಟಿತು. ಮುಂದಿನ ತಿಂಗಳುಗಳಲ್ಲಿ ಮಾತ್ರ, ನಡೆದದ್ದನ್ನೂ ಅದರ ಭಾವನೆಗಳನ್ನೂ ಸೇರಿಸಿ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆಯಾಯಿತು. ಹೇಳುವ ದಿನ ಬರುವವರೆಗೆ ಈ ಹಾಳೆ ಭದ್ರವಾಗಿರಲಿ. ಅರ್ಧ ಓದಿದ ಹಾಳೆಯಷ್ಟು ಕೆಟ್ಟ ಸುದ್ದಿಗಾರ ಇನ್ನೊಂದಿಲ್ಲ.

ಯಾಕೆ ಪೂರ್ತಿ ಬೇಕು? ಕಂತಿನಲ್ಲಿ ಬರುವ ಸತ್ಯ ಸುಳ್ಳಿಗಿಂತ ಕೆಟ್ಟದ್ದು. ನಾನು ಕೆಲಸ ಹೋದದ್ದನ್ನು ಒಪ್ಪಿಕೊಂಡೆ, ಗೆಳೆಯನ ಹತ್ತಿರ ಕೈಸಾಲ ಮಾಡಿದ್ದನ್ನು ಬಿಟ್ಟೆ. ಹದಿನೈದು ದಿನದ ಮೇಲೆ ಅದು ಹೊರಬಿತ್ತು. ಎರಡನೇ ಜಗಳದ ಮುಂದೆ ಮೊದಲನೆಯದು ಏನೂ ಅಲ್ಲ. "ಇನ್ನೂ ಏನೇನಿದೆ?" ಎಂಬ ಪ್ರಶ್ನೆ ಮನೆಯೊಳಗೆ ಬಂದಿತ್ತು. ಅದಕ್ಕೆ "ಇನ್ನೇನೂ ಇಲ್ಲ" ಎಂದರೆ ನಂಬಬೇಕಾದವರು ಯಾಕೆ ನಂಬಬೇಕು?

5. ಹೊತ್ತು ನೋಡಿ

ಜಗಳದ ಮಧ್ಯೆ ಬೇಡ, ಅಲ್ಲಿ ಸತ್ಯ ಕಲ್ಲಾಗುತ್ತದೆ. ಮಲಗುವ ಹೊತ್ತಲ್ಲಿ ಬೇಡ, ಕೇಳಿದವರು ರಾತ್ರಿಯಿಡೀ ಒಬ್ಬರೇ ಎದ್ದಿರುತ್ತಾರೆ. ಮೆಸೇಜಿನಲ್ಲಿ ಬೇಡವೇ ಬೇಡ. ಓಡುತ್ತಿರುವ ಕಾರಿನಲ್ಲೂ ಬೇಡ, ಎದ್ದು ಹೋಗಬೇಕು ಅನ್ನಿಸಿದವರಿಗೆ ಬಾಗಿಲು ಇರಬೇಕು. ಇಬ್ಬರಿಗೂ ಅರ್ಧ ದಿನ ಬಿಡುವಿರುವ ಹಗಲು ಹೊತ್ತು ಒಳ್ಳೆಯದು. "ಸರಿಯಾದ ಸಮಯ ಬರಲಿ" ಎಂದು ಕಾಯುತ್ತಾ ಕೂರಬೇಡಿ. ಹತ್ತು ದಿನದೊಳಗಿನ ಒಂದು ತಾರೀಖು ಗುರುತು ಹಾಕಿ.

ಅದಕ್ಕೆ ಮುಂಚೆ ಹೊರಗಿನವರೊಬ್ಬರ ಮುಂದೆ ಜೋರಾಗಿ ಹೇಳಿ ನೋಡಿ. ಆಪ್ತ ಸಮಾಲೋಚಕರಾದರೆ ಇನ್ನೂ ಒಳ್ಳೆಯದು. ಮನೆಯವರಲ್ಲೇ ಒಬ್ಬರನ್ನು ಆರಿಸಿಕೊಂಡರೆ ಅವರನ್ನೂ ಗುಟ್ಟಿನ ಪಾಲುದಾರರನ್ನಾಗಿ ಮಾಡಿದಂತೆ.

6. ಮೊದಲ ಮೂರು ವಾಕ್ಯ

ಜಾನ್ ಗಾಟ್ಮನ್ ಮತ್ತು ಸಿಬಿಲ್ ಕರೇರ್ 1999ರಲ್ಲಿ 124 ನವದಂಪತಿಗಳ ಜಗಳದ ಮಾತುಕತೆಗಳನ್ನು ಅಧ್ಯಯನ ಮಾಡಿದರು. 15 ನಿಮಿಷದ ಮಾತಿನಲ್ಲಿ ಮೊದಲ 3 ನಿಮಿಷ ಹೇಗಿತ್ತು ಎನ್ನುವುದರಿಂದಲೇ ಮುಂದಿನ 6 ವರ್ಷಗಳಲ್ಲಿ ಯಾರು ಬೇರೆಯಾಗಬಹುದು ಎಂದು ಊಹಿಸಲು ಆಗುತ್ತಿತ್ತು. ಹಾಗಾಗಿ ಮೊದಲ ವಾಕ್ಯಗಳನ್ನು ಬಾಯಿಪಾಠ ಮಾಡಿದರೂ ತಪ್ಪಿಲ್ಲ.

ಕೆಟ್ಟ ಶುರು ಹೀಗಿರುತ್ತದೆ: "ನೀನು ಕೂಗಾಡಲ್ಲ ಅಂದರೆ ಒಂದು ಮಾತು ಹೇಳ್ತೀನಿ. ನಿನ್ನ ಒಳ್ಳೆಯದಕ್ಕೇ ಇಷ್ಟು ದಿನ ಹೇಳಿರಲಿಲ್ಲ." ಒಂದೇ ಉಸಿರಿಗೆ ಅವರ ಸಿಟ್ಟಿಗೂ ಬೀಗ ಹಾಕಿದಿರಿ, ನಿಮ್ಮ ಸುಳ್ಳಿನ ಹೊರೆಯನ್ನೂ ಅವರ ತಲೆ ಮೇಲಿಟ್ಟಿರಿ.

ಇದರ ಬದಲು: "ಒಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ. ಹೋದ ವರ್ಷ ನಿನಗೆ ಹೇಳದೆ ಸಾಲ ಮಾಡಿದೆ, ನೀನು ಕೇಳಿದಾಗ ಇಲ್ಲ ಅಂತ ಸುಳ್ಳು ಹೇಳಿದೆ. ತಪ್ಪು ನನ್ನದು, ಪೂರ್ತಿ ಲೆಕ್ಕ ಇಲ್ಲಿದೆ." ಅಷ್ಟೇ. ಕಾರಣ, ಕಷ್ಟ, ಕಣ್ಣೀರು ಆಮೇಲೆ. ಅದೂ ಅವರು ಕೇಳಿದರೆ.

ಕ್ಷಮೆಯ ಬಗ್ಗೆ ಒಂದು ಮಾತು. ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಕ್ಷಮಾಪಣೆಯ ಆರು ಅಂಶಗಳನ್ನು ತೂಗಿ ನೋಡಿದರು. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು "ತಪ್ಪು ನನ್ನದು" ಎಂದು ಒಪ್ಪಿಕೊಳ್ಳುವುದು. ಆಮೇಲಿನದು ಸರಿಪಡಿಸುವ ಭರವಸೆ. ಎಲ್ಲಕ್ಕಿಂತ ಕಡಿಮೆ ಕೆಲಸಕ್ಕೆ ಬಂದದ್ದು "ನನ್ನನ್ನು ಕ್ಷಮಿಸಿಬಿಡು" ಎನ್ನುವುದು. ಸಿನಿಮಾದವರು ಕಾಲು ಹಿಡಿಸುವುದು ಇದಕ್ಕೇ, ಏನು ಮಾಡೋಣ. ಆ ದಿನವೇ ಕ್ಷಮೆ ಕೇಳುವುದು ಇನ್ನೊಂದು ಒತ್ತಡ. ಅದನ್ನು ಕೇಳಬೇಡಿ.

ಹೇಳಿದ ಮೇಲೆ ಬಾಯಿ ಮುಚ್ಚಿ ಕೂರುವುದು ಎಲ್ಲಕ್ಕಿಂತ ಕಷ್ಟ. ಅವರು ಅಳಬಹುದು, ಎದ್ದು ಹೋಗಬಹುದು, ಏನೂ ಆಗದವರಂತೆ ಕೆಲಸ ಮುಂದುವರಿಸಬಹುದು. ಸಮಾಧಾನ ಮಾಡಲು ಹೋಗಬೇಡಿ, ಗಾಯ ಮಾಡಿದ ಕೈ ಆ ಕ್ಷಣಕ್ಕೆ ಮುಲಾಮು ಹಚ್ಚಲಾರದು.

ಕೇಳುವವರು ಮಗುವಾದರೆ

ನಿಯಮ ಸುಲಭ: ಹೇಳಿದ್ದೆಲ್ಲ ನಿಜವಾಗಿರಲಿ, ನಿಜವನ್ನೆಲ್ಲ ಹೇಳಬೇಕಿಲ್ಲ. "ಅಪ್ಪ ಅಮ್ಮನಿಗೆ ಒಂದು ವಿಷಯದಲ್ಲಿ ಜಗಳ ಆಗಿದೆ, ಅದಕ್ಕೆ ನೀನು ಕಾರಣ ಅಲ್ಲ" ಎನ್ನುವುದು ಐದು ವರ್ಷದ ಮಗುವಿಗೆ ಸಾಕು. "ಏನೂ ಆಗಿಲ್ಲ, ಹೋಗಿ ಆಟ ಆಡ್ಕೋ" ಎಂದರೆ ತನ್ನ ಕಣ್ಣನ್ನು ತಾನೇ ನಂಬಬಾರದೆಂದು ಅದು ಕಲಿಯುತ್ತದೆ.

ಇನ್ನೂ ಒಂದನ್ನು ಕಲಿಯುತ್ತದೆ. 2014ರ ಒಂದು ಅಧ್ಯಯನದಲ್ಲಿ ಸಂಶೋಧಕರು ಕೆಲವು ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಮಿಠಾಯಿ ಇದೆ ಎಂದು ಬೇಕೆಂದೇ ಸುಳ್ಳು ಹೇಳಿ, ಆಮೇಲೆ ಅದು ಸುಳ್ಳೆಂದು ತಿಳಿಸಿದರು. ನಂತರ "ಆಟಿಕೆಯನ್ನು ಕದ್ದು ನೋಡಬೇಡ" ಎಂದು ಹೇಳಿ ಹೊರಗೆ ಹೋದರು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ, ಸುಳ್ಳು ಹೇಳಿಸಿಕೊಂಡವರೇ ಹೆಚ್ಚಾಗಿ ಕದ್ದು ನೋಡಿದರು, ನೋಡಿಲ್ಲ ಎಂದು ಸುಳ್ಳನ್ನೂ ಹೇಳಿದರು. ಅದೇ ವರ್ಷದ ಇನ್ನೊಂದು ಅಧ್ಯಯನ ಕಥೆಗಳ ಬಗ್ಗೆ. ಸುಳ್ಳು ಹೇಳಿದವನಿಗೆ ಶಿಕ್ಷೆಯಾಗುವ ಕಥೆ ಕೇಳಿದ ಮಕ್ಕಳ ಸುಳ್ಳು ಕಡಿಮೆಯಾಗಲಿಲ್ಲ. ನಿಜ ಹೇಳಿದ ಹುಡುಗನನ್ನು ಅಪ್ಪ ಮೆಚ್ಚಿಕೊಳ್ಳುವ ಕಥೆ ಕೇಳಿದವರು ಹೆಚ್ಚು ನಿಜ ಹೇಳಿದರು. ಮಗು ತಪ್ಪೊಪ್ಪಿಕೊಂಡಾಗ ನೀವು ಮೊದಲು ಆಡುವ ಮಾತು "ಹೇಳಿದ್ದು ಒಳ್ಳೆಯದಾಯಿತು" ಎಂದಿರಲಿ.

ದತ್ತು ಮಗುವಾದರೆ "ದೊಡ್ಡವನಾದ ಮೇಲೆ ಹೇಳೋಣ" ಬೇಡ. ಮಾತು ಬರುವ ಮೊದಲೇ ಮನೆಯ ಕಥೆಗಳಲ್ಲಿ ಅದು ಒಂದಾಗಿರಲಿ. ದತ್ತು ವಿಷಯ ತಡವಾಗಿ ತಿಳಿದವರ ಬಗ್ಗೆ 2019ರಲ್ಲಿ ಬಂದ ಒಂದು ಸಮೀಕ್ಷೆಯಲ್ಲಿ, 3 ವರ್ಷದ ನಂತರ ತಿಳಿದವರು ಹೆಚ್ಚು ಸಂಕಟ ಹೇಳಿಕೊಂಡಿದ್ದಾರೆ. ದಾನಿಗಳ ಅಂಡಾಣು ಅಥವಾ ವೀರ್ಯಾಣುವಿನಿಂದ, ಇಲ್ಲವೇ ಬಾಡಿಗೆ ತಾಯಿಯಿಂದ ಹುಟ್ಟಿದ ಮಕ್ಕಳಿರುವ 65 ಕುಟುಂಬಗಳನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸೂಸನ್ ಗೊಲಂಬೊಕ್ ತಂಡ 20 ವರ್ಷ ಗಮನಿಸಿತು. 7 ವರ್ಷಕ್ಕೂ ಮುಂಚೆ ವಿಷಯ ತಿಳಿದ ಮಕ್ಕಳಿಗೆ ಅಮ್ಮನ ಜೊತೆಗಿನ ಸಂಬಂಧ ಹೆಚ್ಚು ಚೆನ್ನಾಗಿತ್ತು ಎಂದು 2023ರಲ್ಲಿ ಬರೆಯಿತು. ಈಗಂತೂ ಒಂದು ಡಿಎನ್‌ಎ ಪರೀಕ್ಷೆ ಸಾಕು, ಗುಟ್ಟು ರಟ್ಟು.

ಮತ್ತೆ, "ಇದನ್ನ ಅಮ್ಮನಿಗೆ ಹೇಳಬೇಡ" ಎಂದು ಮಗುವಿಗೆ ಹೇಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಹುಟ್ಟುಹಬ್ಬದ ಉಡುಗೊರೆಯಂಥ ಸರ್ಪ್ರೈಸ್ ಬೇರೆ, ಅದು ಬಯಲಾಗುವ ದಿನ ಗೊತ್ತಿರುತ್ತದೆ. ಯಾವತ್ತೂ ಹೇಳಬಾರದ ಗುಟ್ಟನ್ನು ದೊಡ್ಡವರು ಮಕ್ಕಳಿಗೆ ಕೊಡುವುದಿಲ್ಲ, ಯಾರಾದರೂ ಕೊಟ್ಟರೆ ತಕ್ಷಣ ನಮಗೆ ಹೇಳಬೇಕು ಎಂದು ಮಗುವಿಗೆ ಗೊತ್ತಿರಬೇಕು. ಅದರ ಸುರಕ್ಷತೆಯೇ ಇದರಲ್ಲಿದೆ.

ಕೇಳುವವರು ಕಾಯಿಲೆಯವರಾದರೆ

"ಗೊತ್ತಾದರೆ ಕುಗ್ಗಿಹೋಗ್ತಾರೆ" ಎಂದು ರೋಗಿಗೇ ರೋಗ ಹೇಳದ ಮನೆಗಳಿವೆ. ವೈದ್ಯರೂ ಹೀಗೇ ಇದ್ದ ಕಾಲವಿತ್ತು. 1961ರ ಅಮೆರಿಕದ ಒಂದು ಸಮೀಕ್ಷೆಯಲ್ಲಿ ಶೇ. 90ರಷ್ಟು ವೈದ್ಯರು ಕ್ಯಾನ್ಸರ್ ವಿಷಯ ರೋಗಿಗೆ ಹೇಳದಿರುವುದೇ ಒಳ್ಳೆಯದು ಎಂದಿದ್ದರು. 1979ರ ಹೊತ್ತಿಗೆ ಶೇ. 97ರಷ್ಟು ಜನ ಹೇಳುವುದೇ ಒಳ್ಳೆಯದು ಎಂದರು. ಎಲ್ಲ ಹೇಳುವುದು, ಏನೂ ಹೇಳದಿರುವುದು ಎಂಬ ಎರಡೇ ದಾರಿ ಇರುವುದಲ್ಲ. ಕೇಳಿ: "ಅಪ್ಪಾ, ರಿಪೋರ್ಟ್ ಬಂದಿದೆ. ಡಾಕ್ಟರ್ ನಿಮ್ಮ ಹತ್ತಿರ ಎಲ್ಲ ಹೇಳಬೇಕಾ, ನಮಗೆ ಹೇಳಿದರೆ ಸಾಕಾ?" ಹೇಳಬೇಡಿ ಎಂದರೆ ಅದೂ ಅವರದೇ ನಿರ್ಧಾರ. ಎಷ್ಟೋ ಸಲ ಅವರಿಗೆ ಮೊದಲೇ ಗೊತ್ತಿರುತ್ತದೆ. ಮಕ್ಕಳು ಕುಗ್ಗಿಹೋಗ್ತಾರೆ ಅಂತ ಅವರೂ ಸುಮ್ಮನಿರುತ್ತಾರೆ.

ಗುಟ್ಟು ನಿಮಗೇ ಸಿಕ್ಕರೆ

ಮುಖ ನೋಡಿ ಸುಳ್ಳು ಹಿಡಿಯಬಲ್ಲೆ ಎಂಬ ಧೈರ್ಯ ಬೇಡ. 2006ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ, ಜನ ನಿಜ-ಸುಳ್ಳನ್ನು ಸರಿಯಾಗಿ ಗುರುತಿಸಿದ್ದು ಶೇ. 54ರಷ್ಟು ಸಲ. ನಾಣ್ಯ ಚಿಮ್ಮಿದರೆ ಬರುವುದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕುಂಬಳಕಾಯಿ ಕಳ್ಳ ಎಂದ ಕೂಡಲೇ ಹೆಗಲು ಮುಟ್ಟಿ ನೋಡಿಕೊಳ್ಳುವವರು ಗಾದೆಯಲ್ಲೇ ಜಾಸ್ತಿ.

ಉತ್ತರ ಗೊತ್ತಿದ್ದೂ "ನಿನ್ನೆ ಎಲ್ಲಿದ್ದೆ?" ಎಂದು ಬಲೆ ಹಾಸಬೇಡಿ. ಅದು ಇನ್ನೊಂದು ಸುಳ್ಳಿಗೆ ನೀವೇ ಕೊಟ್ಟ ಆಹ್ವಾನ. "ಬ್ಯಾಂಕಿನ ಈ ಕಾಗದ ನೋಡಿದೆ. ನಂಗೆ ಅರ್ಥ ಆಗಲಿಲ್ಲ. ಏನಿದು?" ಎಂದು ಕಂಡದ್ದನ್ನು ಮುಂದಿಡಿ. ನಿಮ್ಮ ಪ್ರಶ್ನೆ ನೇರವಾಗಿದ್ದರೆ ಉತ್ತರ ನೇರವಾಗಿರುವ ಸಾಧ್ಯತೆಯೂ ಹೆಚ್ಚು.

ಹೇಳಿದ ಮೇಲಿನ ತಿಂಗಳುಗಳು

ಅದೇ ಪ್ರಶ್ನೆ ಹತ್ತು ಸಲ ಬರುತ್ತದೆ. "ಆ ಪ್ರವಾಸಕ್ಕೆ ಹೋದಾಗಲೂ ಹೀಗೇ ಇತ್ತಾ?" ಅವರು ಹಳೆಯ ದಿನಗಳನ್ನೆಲ್ಲ ಒಂದೊಂದಾಗಿ ತೆಗೆದು ಪರೀಕ್ಷೆ ಮಾಡುತ್ತಿರುತ್ತಾರೆ, ಯಾವುದು ನಿಜ, ಯಾವುದು ನಾಟಕ ಎಂದು. "ಎಷ್ಟು ಸಲ ಹೇಳೋದು?" ಎನ್ನಬೇಡಿ. ಹತ್ತನೇ ಸಲವೂ ಅದೇ ಉತ್ತರ ಬಂದಾಗಲೇ ಅದು ನಿಜ ಅನ್ನಿಸತೊಡಗುವುದು. ನೆನಪಿಲ್ಲದ್ದಕ್ಕೆ ಮಾತ್ರ ನೆನಪಿಲ್ಲ ಎನ್ನಿ.

ಬರೀ ಮಾತಿನಿಂದ ಆಗದು, ಕಣ್ಣಿಗೆ ಕಾಣುವ ಒಂದು ಏರ್ಪಾಡು ಬೇಕು. ದುಡ್ಡಿನ ಗುಟ್ಟಾದರೆ ಖಾತೆಗಳು ಇಬ್ಬರಿಗೂ ತೆರೆದಿರಲಿ, ತಿಂಗಳಿಗೊಂದು ದಿನ ಲೆಕ್ಕ ಒಟ್ಟಿಗೆ ನೋಡಿ. ಅವರು ಕೇಳುವ ಮುಂಚೆ ನೀವೇ ತೆರೆಯಿರಿ, ಇದು ಮುಖ್ಯ. ಈ ಏರ್ಪಾಡಿಗೆ ಕೊನೆಯ ತಾರೀಖೂ ಇರಲಿ. ಇಲ್ಲವಾದರೆ ಒಬ್ಬರು ಪೊಲೀಸ್, ಇನ್ನೊಬ್ಬರು ಕೈದಿ ಆಗಿ ಅದೇ ಹೊಸ ಜಗಳವಾಗುತ್ತದೆ. ಸಣ್ಣಪುಟ್ಟ ಸುಳ್ಳುಗಳನ್ನೂ ಈ ಕಾಲದಲ್ಲಿ ನಿಲ್ಲಿಸಿ. "ಬಂದೆ, ದಾರಿಯಲ್ಲಿದ್ದೀನಿ" ಎಂದು ಮನೆಯಿಂದಲೇ ಹೊರಡದೆ ಹೇಳುತ್ತೀರಲ್ಲ, ಅಂಥವು.

ನಾವು ಇಟ್ಟುಕೊಂಡದ್ದು ತಿಂಗಳ ಕೊನೆಯ ದಿನ, ಒಂದು ವರ್ಷದ ಮಟ್ಟಿಗೆ. ಮೊದಲ ನಾಲ್ಕು ತಿಂಗಳು ಅವಳು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಒಂಬತ್ತನೇ ತಿಂಗಳು ನಾನು ಪುಸ್ತಕ ತೆರೆದಾಗ ಬಟ್ಟೆ ಮಡಚುತ್ತಾ "ಬಿಡಿ, ಇವತ್ತು ಬೇಡ" ಎಂದಳು. ಮೇಜಿನ ಮೇಲೆ ತೆರೆದೇ ಇಟ್ಟೆ.